ಪರರ ಮನೆಯಲ್ಲಿ ನಮ್ಮ ಮಗು, ನಮ್ಮ ಮನೆಯಲ್ಲಿ ಪರರ ಮಗು

ಮಕ್ಕಳು ವಿದ್ಯಾರ್ಜನೆಗಾಗಿ ಪರದೇಶಕ್ಕೆ ಹೋಗಬಹುದೇ ಎಂಬ ಪ್ರಶ್ನೆಯನ್ನು ಪುಣೆಯಲ್ಲಿ ನೆಲೆಸಿರುವ ನಮ್ಮ ಮಾಧ್ವ ಕುಟುಂಬಗಳಲ್ಲಿ ಈಗ ಕೇಳುವವರು ವಿರಳ. ಹೋದ ಮೇಲೆ ಅಲ್ಲಿ ಹೇಗಿರಬೇಕು ಎಂಬ ಪ್ರಶ್ನೆಯನ್ನು ಕೇಳದವರೂ ವಿರಳ. ಅದರಲ್ಲಿಯೂ ವಿನಿಮಯ ವಿದ್ಯಾರ್ಥಿಗಳಾಗಿ ಹೋಗುವ ಮಕ್ಕಳ ವಿಷಯದಲ್ಲಿ ಈ ಪ್ರಶ್ನೆಯು ಇನ್ನಷ್ಟು ಕಠಿಣವಾಗುತ್ತದೆ. ಉದ್ಯೋಗಕ್ಕೆಂದು ಹೋದವನು ಅಲ್ಲಿ ಸ್ವಂತ ಮನೆ ಹೂಡುತ್ತಾನೆ. ಒಲೆಯೂ ಅವನದೇ, ದೇವರ ಗೂಡೂ ಅವನದೇ. ರೋಟರಿ ಸಂಸ್ಥೆಯ ಯುವ ವಿನಿಮಯ ಯೋಜನೆಯಂಥ ವ್ಯವಸ್ಥೆಯಲ್ಲಿ ಹೋಗುವ 15ರಿಂದ 19ರ ವಯಸ್ಸಿನ ಮಗುವಾದರೋ, ಒಂದು ಶೈಕ್ಷಣಿಕ ವರ್ಷ ಪರಕೀಯರ ಮನೆಯಲ್ಲಿ ಆ ಮನೆಯ ಮಗುವಿನಂತೆಯೇ ಇರತಕ್ಕದ್ದು. ಅಲ್ಲಿಯ ಮೇಜಿನ ಮೇಲೆ ಊಟ, ಅಲ್ಲಿಯ ಮನೆಗೆಲಸದಲ್ಲಿ ಪಾಲು, ಅಲ್ಲಿಯ ಹಬ್ಬದಲ್ಲಿ ಹಾಜರಿ. ಅದೇ ರೀತಿ ಅಲ್ಲಿಯ ಮಗುವೊಂದು ಬಂದು ನಮ್ಮೂರಿನ ಮನೆಗಳಲ್ಲಿ ಇರುತ್ತದೆ. ವಿನಿಮಯವೆಂಬ ಶಬ್ದದ ಅರ್ಥವೇ ಇದು.

ಈ ಪ್ರಶ್ನೆಗೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. ಕಾಲಕ್ಕೆ ತಕ್ಕ ಕೋಲ, ಅಲ್ಲಿದ್ದಾಗ ಅಲ್ಲಿಯವರಂತೆ ಇದ್ದು ಬರಲಿ ಎಂಬುದು ಒಂದು. ಆಚಾರ ಕೆಡುವುದಾದರೆ ಹೋಗುವುದೇ ಬೇಡ ಎಂಬುದು ಇನ್ನೊಂದು. ಎರಡೂ ಉತ್ತರಗಳು ಸುಲಭವಾದವು. ಮೊದಲನೆಯದರಲ್ಲಿ ಮಗುವಿನ ನಿಷ್ಠೆಯ ಗೊಡವೆಯಿಲ್ಲ. ಎರಡನೆಯದರಲ್ಲಿ ಮಗುವಿನ ವಿದ್ಯೆಯ ಗೊಡವೆಯಿಲ್ಲ. ಆದುದರಿಂದ ಈ ವಿಷಯವನ್ನು ಸ್ವಲ್ಪ ಸಾವಧಾನವಾಗಿ ವಿಚಾರ ಮಾಡೋಣ.

ಮೊದಲು ಶಾಸ್ತ್ರದ ಮಾತು. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪಾತಿತ್ಯಕ್ಕೆ ಕಾರಣವಾದ ಕರ್ಮಗಳಲ್ಲಿ ಎಣಿಸಿದೆ. ಇದು ಎಲ್ಲರೂ ಬಲ್ಲ ಸಂಗತಿ. ಆದರೆ ಅದೇ ಗ್ರಂಥದ ಆರಂಭದಲ್ಲಿ ಇನ್ನೊಂದು ವಿಚಾರವೂ ಇದೆ. ಉತ್ತರದವರಿಗೆ ಐದು, ದಕ್ಷಿಣದವರಿಗೆ ಐದು ವಿಶಿಷ್ಟ ಆಚಾರಗಳುಂಟೆಂದು ಬೌಧಾಯನರು ಪಟ್ಟಿ ಮಾಡುತ್ತಾರೆ. ಸಮುದ್ರಕ್ಕೆ ಹೋಗುವುದು ಉತ್ತರದವರ ಪಟ್ಟಿಯಲ್ಲಿದೆ. ದಕ್ಷಿಣದವರ ಪಟ್ಟಿಯಲ್ಲಿ ಸೋದರಮಾವನ ಮಗಳನ್ನು ಮದುವೆಯಾಗುವುದು, ಪತ್ನಿಯೊಡನೆ ಕುಳಿತು ಉಣ್ಣುವುದು, ಹಳಸಿದ ಅನ್ನ ಉಣ್ಣುವುದು ಇವೆ. ಒಂದೆಡೆಯ ಆಚಾರವನ್ನು ಇನ್ನೊಂದೆಡೆ ಮಾಡಿದರೆ ದೋಷ, ಆಯಾ ದೇಶದಲ್ಲಿ ದೇಶವೇ ಪ್ರಮಾಣ ಎಂದು ಒಂದು ಮತವನ್ನು ಹೇಳಿ, ಗೌತಮರು ಇದನ್ನು ಒಪ್ಪುವುದಿಲ್ಲವೆಂಬುದನ್ನೂ ಬೌಧಾಯನರು ದಾಖಲಿಸಿದ್ದಾರೆ. ಸೋದರಮಾವನ ಮಗಳನ್ನು ತಂದುಕೊಳ್ಳುವ ಪದ್ಧತಿ ನಮ್ಮ ಎಷ್ಟೋ ಮನೆತನಗಳಲ್ಲಿ ತಲೆತಲಾಂತರದಿಂದ ನಡೆದು ಬಂದಿದೆ. ಹೀಗಿರುವಾಗ ಒಂದೇ ಗ್ರಂಥದ ಒಂದು ವಾಕ್ಯವನ್ನು ಹಿಡಿದು ನೆರೆಮನೆಯ ಮಗುವನ್ನು ಪತಿತನೆನ್ನುವುದು, ಇನ್ನೊಂದು ವಾಕ್ಯವನ್ನು ಕಾಣದಂತೆ ಪುಟ ಮಗುಚುವುದು ನ್ಯಾಯವಾಗಲಾರದು. ಯತಿಗಳ ವಿದೇಶ ಸಂಚಾರದ ಪ್ರಶ್ನೆಯು 2008ರ ಪರ್ಯಾಯದ ಸಂದರ್ಭದಲ್ಲಿ ಉಡುಪಿಯಲ್ಲಿ ಎಷ್ಟು ಚರ್ಚೆಗೆ ಗುರಿಯಾಯಿತೆಂಬುದು ಎಲ್ಲರಿಗೂ ತಿಳಿದಿದೆ. ಯತಿಧರ್ಮದ ನಿರ್ಣಯವನ್ನು ಪೀಠಾಧಿಪತಿಗಳಿಗೆ ಬಿಡೋಣ. ನಾವು ಇಲ್ಲಿ ಯೋಚಿಸುತ್ತಿರುವುದು ಗೃಹಸ್ಥರ ಮಕ್ಕಳ ವಿಷಯವನ್ನು ಮಾತ್ರ.

ಪುಣೆಗೆ ಈ ಪ್ರಶ್ನೆ ಹೊಸದಲ್ಲ. 1890ರಲ್ಲಿ ಇದೇ ಊರಿನ ಪಂಚಹೌದ ಮಿಷನ್ನಿನಲ್ಲಿ ನಡೆದ ಸಭೆಯಲ್ಲಿ ಚಹಾ ಕೊಟ್ಟರೆಂಬ ಕಾರಣದಿಂದ ರಾನಡೆ, ಟಿಳಕರಂಥವರೂ ಪ್ರಾಯಶ್ಚಿತ್ತದ ಮಾತಿಗೆ ಒಳಗಾಗಬೇಕಾಯಿತು. ಊರೊಳಗಿನ ಒಂದು ಬಟ್ಟಲು ಚಹಾ ಇಷ್ಟು ಕೋಲಾಹಲ ಮಾಡಿದ ಕಾಲಕ್ಕೂ ಏಳು ವರ್ಷ ಮೊದಲು, 1883ರಲ್ಲಿ, ಹದಿನೆಂಟು ವರ್ಷದ ಆನಂದೀಬಾಯಿ ಜೋಶಿ ವೈದ್ಯವಿದ್ಯೆಗಾಗಿ ಅಮೆರಿಕಕ್ಕೆ ಹಡಗು ಹತ್ತಿದ್ದರು. ಹೊರಡುವ ಮುನ್ನ ಬಂಗಾಲದ ಶ್ರೀರಾಮಪುರದಲ್ಲಿ ಸಭೆಯ ಮುಂದೆ ನಿಂತು, ತಾನು ಹಿಂದುವಾಗಿಯೇ ಹೋಗಿ ಹಿಂದುವಾಗಿಯೇ ಮರಳುವೆನೆಂಬ ಅಭಿಪ್ರಾಯವನ್ನು ಅವರು ಸ್ಪಷ್ಟಪಡಿಸಿದರು. ಅವರನ್ನು ಮನೆಗೆ ಬರಮಾಡಿಕೊಂಡವರು ನ್ಯೂಜೆರ್ಸಿಯ ರೋಸೆಲ್ ಎಂಬ ಊರಿನ ಥಿಯೋಡಿಶಿಯಾ ಕಾರ್ಪೆಂಟರ್ ಎಂಬ ಗೃಹಿಣಿ. ದಂತವೈದ್ಯರಲ್ಲಿಗೆ ಹೋಗಿ ಸರದಿ ಕಾಯುತ್ತಿದ್ದಾಗ ಕೈಗೆ ಸಿಕ್ಕ ಕ್ರೈಸ್ತ ಪತ್ರಿಕೆಯೊಂದರಲ್ಲಿ ಆನಂದೀಬಾಯಿಯ ಪತಿ ಗೋಪಾಳರಾಯರ ಪತ್ರವನ್ನೂ, ಮತಾಂತರವಾದರೆ ಸಹಾಯ ದೊರೆಯಬಹುದೆಂಬ ಧ್ವನಿಯ ಉತ್ತರವನ್ನೂ ಆಕೆ ಓದಿದರು. ಯಾವ ಷರತ್ತನ್ನೂ ಹಾಕದೆ ತಾವೇ ಪತ್ರ ಬರೆದರು. ಇಬ್ಬರ ನಡುವೆ ಪತ್ರವ್ಯವಹಾರ ಬೆಳೆಯಿತು. ಆನಂದೀಬಾಯಿಗೆ ಆಕೆ ಚಿಕ್ಕಮ್ಮನಾದರು.

ಆನಂದೀಬಾಯಿ ಅಲ್ಲಿಯೂ ಸೀರೆಯುಟ್ಟರು, ಶಾಕಾಹಾರವನ್ನು ಬಿಡಲಿಲ್ಲ. 1886ರ ಮಾರ್ಚಿನಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನ ಪದವಿ ಪಡೆದರು. ಆ ದೇಶದ ಚಳಿಯಲ್ಲಿ ಅವರ ದೇಹ ಸೋತಿತ್ತು, ಕ್ಷಯರೋಗ ಅಂಟಿತ್ತು. ಸ್ವದೇಶಕ್ಕೆ ಮರಳಿ 1887ರ ಫೆಬ್ರವರಿ 26ರಂದು ಪುಣೆಯಲ್ಲಿ ತೀರಿಕೊಂಡಾಗ ಅವರಿಗೆ ಇಪ್ಪತ್ತೆರಡು ತುಂಬಿರಲಿಲ್ಲ. ಅವರ ಚಿತಾಭಸ್ಮವನ್ನು ಅಮೆರಿಕಕ್ಕೆ, ಆ ಕಾರ್ಪೆಂಟರ್ ಗೃಹಿಣಿಗೆ ಕಳುಹಿಸಲಾಯಿತು. ಆಕೆ ಅದನ್ನು ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿಯಲ್ಲಿರುವ ತಮ್ಮ ಕುಟುಂಬದ ಸ್ಮಶಾನದಲ್ಲಿ ಇರಿಸಿದರು. ತನ್ನ ಅಡಿಗೆಯನ್ನು ಒಲ್ಲದೆ ಬೇರೆಯದನ್ನು ಉಂಡ ಹುಡುಗಿಯನ್ನು ಆ ತಾಯಿ ತನ್ನ ಮನೆತನದವಳೆಂದೇ ಎಣಿಸಿದಳು. ಊಟದ ಭೇದವೊಂದೇ ಪ್ರೀತಿಯನ್ನು ತಡೆಯಲಾರದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಾಗಿಲ್ಲ.

ಪುರಾಣೇತಿಹಾಸಗಳಲ್ಲಿ ಪರಕೀಯರ ಮನೆಯ ವಿದ್ಯಾರ್ಥಿಯೆಂದರೆ ಮೊದಲು ನೆನಪಾಗುವವನು ಕಚ. ಮಹಾಭಾರತದ ಆದಿಪರ್ವದ ಈ ಕಥೆಯನ್ನು ನಾವೆಲ್ಲರೂ ಬಾಲ್ಯದಲ್ಲಿ ಕೇಳಿದ್ದೇವೆ. ದೇವಗುರು ಬೃಹಸ್ಪತಿಯ ಮಗನು ಮೃತಸಂಜೀವಿನಿಗಾಗಿ ಅಸುರಗುರು ಶುಕ್ರಾಚಾರ್ಯರ ಮನೆಗೆ ಹೋಗುತ್ತಾನೆ. ಶತ್ರುಪಕ್ಷದ ಮನೆ, ಆದರೂ ವೇಷ ಮರೆಸಿಕೊಂಡು ಹೋಗಲಿಲ್ಲ. ಅಂಗಿರಸರ ಮೊಮ್ಮಗ, ಬೃಹಸ್ಪತಿಯ ಮಗ ಎಂದು ಬಾಗಿಲಲ್ಲಿಯೇ ಹೇಳಿಕೊಂಡನು. ಶುಕ್ರರೂ ಶಂಕಿಸದೆ, ಇವನನ್ನು ಆದರಿಸಿದರೆ ಬೃಹಸ್ಪತಿಯನ್ನು ಆದರಿಸಿದಂತೆ ಎಂದು ಸ್ವೀಕರಿಸಿದರು. ಅವನು ವ್ರತವನ್ನು ಬಿಡದೆ ಗುರುವಿನ ದನಗಳನ್ನು ಕಾಯ್ದನು. ಅಸುರರು ಅವನನ್ನು ಸುಟ್ಟು ಬೂದಿಯನ್ನು ಸುರೆಯಲ್ಲಿ ಬೆರೆಸಿ ಗುರುವಿಗೇ ಕುಡಿಸಿದಾಗ, ಗುರುವಿನ ಹೊಟ್ಟೆಯೊಳಗಿದ್ದು ವಿದ್ಯೆ ಪಡೆದು ಹೊರಬಂದು, ಪಡೆದ ವಿದ್ಯೆಯಿಂದ ಮೊದಲು ಗುರುವನ್ನೇ ಬದುಕಿಸಿದನು. ಮುಂದಿನ ಮಾತು ಇನ್ನೂ ಗಮನಾರ್ಹವಾಗಿದೆ. ಆ ದಿನ ಶುಕ್ರಾಚಾರ್ಯರು ತಮ್ಮಿಂದಾದ ಅನರ್ಥಕ್ಕೆ ನೊಂದು, ಇನ್ನು ಮೇಲೆ ಬ್ರಾಹ್ಮಣನಾದವನು ಸುರೆಯನ್ನು ಮುಟ್ಟಕೂಡದೆಂಬ ಮರ್ಯಾದೆಯನ್ನು ಸ್ಥಾಪಿಸಿದರೆಂದು ಕಥೆ ಹೇಳುತ್ತದೆ. ವಿದ್ಯಾರ್ಥಿಯು ವಿದ್ಯೆಯನ್ನು ಪಡೆದನು. ಆತಿಥ್ಯ ನೀಡಿದ ಮನೆಯೂ ಒಂದು ಧರ್ಮವನ್ನು ಕಂಡುಕೊಂಡಿತು. ನಾವು ನಮ್ಮದೆಂದು ಅಭಿಮಾನದಿಂದ ಹೇಳಿಕೊಳ್ಳುವ ನಿಯಮವೊಂದು ಕಥೆಯ ಪ್ರಕಾರ ಅಸುರಗುರುವಿನ ಬಾಯಿಂದ, ಅಸುರರ ಊರಿನಲ್ಲಿ ಹೊರಟಿತು.

ಇವೆರಡರಿಂದ ಒಂದು ಸೂತ್ರ ಸಿಗುತ್ತದೆ. ವ್ರತ ನನ್ನದಾದರೆ ಅದರ ಶ್ರಮವೂ ನನ್ನದೇ. ಅದನ್ನು ಪರರ ಹೆಗಲಿಗೆ ಹಾಕಬಾರದು, ಪರರಿಂದ ಮುಚ್ಚಿಡಲೂ ಬಾರದು. ನಿತ್ಯಜೀವನದಲ್ಲಿ ಇದರ ಅರ್ಥವೇನೆಂಬುದನ್ನು ನೋಡೋಣ.

ಕೋಥರೂಡಿನ ಮನೆಯೊಂದರ ಮಗು ಬರ್ಲಿನ್ನಿಗೆ ಹೋಗಿದೆಯೆಂದು ಭಾವಿಸೋಣ. ಅಲ್ಲಿ ಎಷ್ಟೋ ಮನೆಗಳಲ್ಲಿ ಸಂಜೆಯ ಊಟವೆಂದರೆ ಒಲೆ ಹಚ್ಚದೆ ಮೇಜಿನ ಮೇಲಿಡುವ ಬ್ರೆಡ್ಡು, ಚೀಸು, ಮಾಂಸದ ತೆಳು ಹೋಳುಗಳು. ಮಾಂಸವನ್ನು ಬಿಟ್ಟರೆ ಸಾಕೆಂದು ಮಗು ತಿಳಿದೀತು. ಆದರೆ ಹಲವು ಬಗೆಯ ಚೀಸುಗಳನ್ನು ಎಳೆಗರುವಿನ ಜಠರದಿಂದ ತೆಗೆದ ದ್ರವ್ಯದಿಂದ ಹೆಪ್ಪುಗಟ್ಟಿಸುತ್ತಾರೆ. ಅನೇಕ ಮಿಠಾಯಿಗಳಲ್ಲಿ ಪ್ರಾಣಿಗಳ ಮೂಳೆ, ಚರ್ಮಗಳಿಂದ ಮಾಡಿದ ಜಿಲಾಟಿನ್ ಇರುತ್ತದೆ. ಕೇಕಿನಲ್ಲಿ ಮೊಟ್ಟೆಯಂತೂ ಸರಿಯೆ. ಇದನ್ನು ಹೋದ ಮೇಲೆ ಮೇಜಿನ ಮುಂದೆ ಮೂಗು ಮುರಿದು ಹೇಳುವುದು ಒಂದು ರೀತಿ. ಹೋಗುವ ಮೊದಲೇ ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆದು, ಒಪ್ಪುವ ಮನೆಯನ್ನೇ ಕೇಳಿ, ಅಲ್ಲಿ ಅನ್ನ ಸಾರು ಪಲ್ಯಗಳನ್ನು ತಾನೇ ಮಾಡಿಕೊಳ್ಳಲು ಕಲಿತು ಹೋಗುವುದು ಇನ್ನೊಂದು ರೀತಿ. ಹದಿನಾರು ವರ್ಷ ಅಡಿಗೆಮನೆಯೊಳಗೆ ಕಾಲಿಡದ ಗಂಡುಮಗುವನ್ನು ಪರದೇಶಕ್ಕೆ ಕಳುಹಿಸಿ ಆಚಾರವನ್ನು ಕಾಪಾಡಿಕೋ ಎಂದು ಹೇಳಿದರೆ ತಪ್ಪು ಮಗುವಿನದಲ್ಲ.

ಇನ್ನು ಏಕಾದಶಿ. ಪುಣೆಯ ಪಂಚಾಂಗವನ್ನು ನೋಡಿ ಮಗುವಿಗೆ ಇಂದು ಉಪವಾಸವೆಂದು ಫೋನಿನಲ್ಲಿ ತಿಳಿಸುವ ಪದ್ಧತಿ ಹಲವು ಮನೆಗಳಲ್ಲಿದೆ. ತಿಥಿಯು ಸೂರ್ಯಚಂದ್ರರ ಅಂತರದಿಂದ ಆಗುವುದರಿಂದ ಅದು ಮುಗಿಯುವ ಕ್ಷಣ ಜಗತ್ತಿಗೆಲ್ಲ ಒಂದೇ; ಸೂರ್ಯೋದಯವಾದರೋ ಊರೂರಿಗೆ ಬೇರೆ. ದಶಮಿಯು ಅರುಣೋದಯವನ್ನು ಮುಟ್ಟಿದರೆ, ಅಂದರೆ ಸೂರ್ಯೋದಯಕ್ಕೆ ಮೊದಲಿನ ನಾಲ್ಕು ಘಳಿಗೆಗಳೊಳಗೆ (1 ಗಂಟೆ 36 ನಿಮಿಷ) ದಶಮಿ ಉಳಿದಿದ್ದರೆ, ಆ ಏಕಾದಶಿ ವಿದ್ಧವೆಂದು ಬಿಟ್ಟು ಮರುದಿನ ಉಪವಾಸ ಮಾಡುವುದು ನಮ್ಮ ಸಂಪ್ರದಾಯ. ಜೂನ್ ತಿಂಗಳ ಒಂದು ದಿನ ದಶಮಿಯು ಪುಣೆಯಲ್ಲಿ ಬೆಳಗಿನ 5 ಗಂಟೆಗೆ ಮುಗಿಯುತ್ತದೆಯೆಂದಿಟ್ಟುಕೊಳ್ಳಿ. ಇಲ್ಲಿ ಆಗ ಸೂರ್ಯೋದಯ ಸುಮಾರು 6 ಗಂಟೆಗೆ. ಆದುದರಿಂದ ಏಕಾದಶಿ ವಿದ್ಧವಾಯಿತು, ಉಪವಾಸ ನಾಳೆ. ಅದೇ ಕ್ಷಣ ಬರ್ಲಿನ್ನಿನಲ್ಲಿ ರಾತ್ರಿ ಒಂದೂವರೆ. ಅಲ್ಲಿಯ ಸೂರ್ಯೋದಯ ಸುಮಾರು ಮುಂಜಾನೆ ನಾಲ್ಕೂ ಮುಕ್ಕಾಲಿಗೆ, ಅರುಣೋದಯ ಮೂರರ ನಂತರ. ಅಷ್ಟರೊಳಗೆ ದಶಮಿ ಕಳೆದುಹೋಗಿದೆ. ಅಲ್ಲಿ ಏಕಾದಶಿ ಶುದ್ಧ, ಉಪವಾಸ ಇಂದೇ. ತಾಯಿಯೂ ಮಗುವೂ ಬೇರೆ ಬೇರೆ ದಿನ ಉಪವಾಸ ಮಾಡಿದರೂ ಇಬ್ಬರೂ ಶಾಸ್ತ್ರವನ್ನೇ ಪಾಲಿಸಿದಂತಾಯಿತು. ಅದೇ ಊರಿನಲ್ಲಿ ಡಿಸೆಂಬರಿನಲ್ಲಿ ಸೂರ್ಯನು ಎಂಟು ಗಂಟೆ ಕಳೆದು ಹುಟ್ಟಿ, ಸಂಜೆ ನಾಲ್ಕಕ್ಕೆ ಮೊದಲೇ ಮುಳುಗುತ್ತಾನೆ. ಪ್ರಾತಃಸಂಧ್ಯೆಯ ಹೊತ್ತಿಗೂ ಶಾಲೆಯ ಗಂಟೆಗೂ ಘರ್ಷಣೆ ತಪ್ಪದು. ದೇಶ ಬದಲಾದಾಗ ಕರ್ಮದ ಕಾಲ ಬದಲಾಗುವುದನ್ನು ಶಾಸ್ತ್ರವೇ ಲೆಕ್ಕ ಹಾಕಿದೆ. ಆಚಾರವೆಂಬುದು ಕಣ್ಣುಮುಚ್ಚಿ ಮಾಡುವ ನಕಲಲ್ಲವೆಂದು ಮಗುವಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಹಾಗಾದರೆ ಎಲ್ಲಿಯವರೆಗೆ ಪಾಲಿಸುವುದು, ಎಲ್ಲಿ ಬಿಡುವುದು? ಛಾಂದೋಗ್ಯೋಪನಿಷತ್ತಿನಲ್ಲಿ ಉಷಸ್ತಿ ಚಾಕ್ರಾಯಣನ ಪ್ರಸಂಗವಿದೆ. ಕುರುದೇಶ ಆಲಿಕಲ್ಲಿನಿಂದ ಹಾಳಾದಾಗ ಹಸಿದ ಉಷಸ್ತಿಯು ಒಬ್ಬನು ತಿನ್ನುತ್ತಿದ್ದ ಕುಲ್ಮಾಷದ ಕಾಳುಗಳನ್ನು ಬೇಡಿ, ಅವನ ಎಂಜಲನ್ನೇ ತಿಂದನು. ಅವನು ನೀರನ್ನೂ ಕೊಡಲು ಬಂದಾಗ ಬೇಡವೆಂದನು. ಕಾಳು ತಿನ್ನದಿದ್ದರೆ ಪ್ರಾಣ ಉಳಿಯುತ್ತಿರಲಿಲ್ಲ. ನೀರಾದರೋ ಬೇಕಾದಾಗ ಬೇರೆಡೆ ಸಿಗುತ್ತದೆ ಎಂಬುದು ಅವನ ಉತ್ತರದ ತಾತ್ಪರ್ಯ. ಆಪತ್ತು ಎಷ್ಟೋ ಅಷ್ಟೇ ಸಡಿಲಿಕೆ. ಆಪತ್ತಿನ ಹೆಸರಿನಲ್ಲಿ ಅನುಕೂಲವಲ್ಲ. ಜ್ವರ ಬಂದ ಮಗುವಿಗೆ ವೈದ್ಯರು ಕೊಟ್ಟ ಔಷಧಿಯಲ್ಲಿ ಏನಿದೆಯೆಂದು ಸಾವಿರಾರು ಮೈಲಿಗಳಾಚೆಯಿಂದ ವಿಚಾರಣೆ ನಡೆಸುವುದು ಉಷಸ್ತಿಯ ದಾರಿಯಲ್ಲ. ಗೆಳೆಯರು ನಕ್ಕಾರೆಂದು ತಟ್ಟೆಗೆ ಕೈ ಹಾಕುವುದೂ ಅವನ ದಾರಿಯಲ್ಲ.

ಇಲ್ಲೊಂದು ಆಕ್ಷೇಪ ಬರಬಹುದು. ಪ್ರೀತಿಯಿಂದ ಬಡಿಸಿದ್ದನ್ನು ಬೇಡವೆಂದರೆ ಆ ಮನೆಯ ತಾಯಿಗೆ ನೋವಾಗದೇ? ಆಗಬಹುದು. ಆದರೆ ಆ ನೋವು ಹುಟ್ಟುವುದು ಬೇಡವೆಂಬ ಮಾತಿಗಿಂತ ಹೆಚ್ಚಾಗಿ ಅದರ ಹಿಂದಿನ ತಿರಸ್ಕಾರದಿಂದ. ನಾನು ತಿನ್ನುವುದಿಲ್ಲ ಎಂಬುದು ವ್ರತ. ನೀವು ತಿನ್ನುವುದು ಹೊಲಸು ಎಂಬುದು ನಿಂದೆ. ಊಟ ಮಾಡದಿದ್ದರೂ ಮೇಜಿನ ಬಳಿ ಕುಳಿತು ಮಾತನಾಡಬಹುದು, ಪಾತ್ರೆ ತೊಳೆಯಬಹುದು, ಆ ಮನೆಯ ಅಜ್ಜಿಯ ಭಾಷೆಯನ್ನು ಕಲಿಯಬಹುದು. ಶ್ರೀಮದಾಚಾರ್ಯರು ಬದರೀಯಾತ್ರೆಯ ದಾರಿಯಲ್ಲಿ ಗಂಗೆಯನ್ನು ದಾಟಿ ತುರುಷ್ಕ ರಾಜನೊಡನೆ ಅವನ ಭಾಷೆಯಲ್ಲಿಯೇ ಮಾತನಾಡಿದರೆಂದು ಸುಮಧ್ವವಿಜಯ ವರ್ಣಿಸುತ್ತದೆ. ಪರಭಾಷೆಯನ್ನಾಡಿದ್ದರಿಂದ ಆಚಾರ್ಯರಿಗೆ ಏನೂ ಕಡಿಮೆಯಾಗಲಿಲ್ಲ. ಮುಚ್ಚಿದ್ದ ದಾರಿ ತೆರೆಯಿತು.

ಈಗ ಎಲ್ಲಕ್ಕಿಂತ ಕಷ್ಟದ ಮಾತಿಗೆ ಬರೋಣ. ಪರದೇಶದ ಮಗು ತಪ್ಪಿ ನಡೆಯುವುದಕ್ಕಿಂತ ಹೆಚ್ಚಿನ ಅನರ್ಥವೊಂದಿದೆ: ತಪ್ಪಿದ್ದನ್ನು ಮನೆಗೆ ಹೇಳಲಾರದೆ ಹೋಗುವುದು. ವಾರಕ್ಕೊಮ್ಮೆ ಫೋನಿನ ಪರದೆಯ ಮೇಲೆ ಮುಖ ಕಾಣುತ್ತದೆ. ಸಂಧ್ಯಾವಂದನೆ ಆಯಿತೇ? ಆಯಿತು. ಏಕಾದಶಿ ಮಾಡಿದೆಯಾ? ಮಾಡಿದೆ. ಬೇರೇನೂ ತಿನ್ನಲಿಲ್ಲ ತಾನೆ? ಇಲ್ಲ. ಉತ್ತರಗಳು ಕೇಳುವವರಿಗೆ ಬೇಕಾದಂತೆ ಬರುತ್ತವೆ. ಹೀಗೆ ಒಂದು ವರ್ಷದಲ್ಲಿ ಮಗುವು ಜರ್ಮನ್ ಭಾಷೆಯ ಜೊತೆಗೆ ಸುಳ್ಳನ್ನೂ ಸರಾಗವಾಗಿ ಕಲಿತು ಬರುತ್ತದೆ. ಈ ಸುಳ್ಳಿಗೆ ಹೊಣೆ ಯಾರು?

ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಗುರುವು ವೇದಾಧ್ಯಯನ ಮುಗಿಸಿದ ಶಿಷ್ಯನಿಗೆ ಕೊಡುವ ಉಪದೇಶದಲ್ಲಿ ಸತ್ಯವು ಮೊಟ್ಟಮೊದಲು ಬರುತ್ತದೆ. ತಾಯಿ, ತಂದೆ, ಆಚಾರ್ಯ, ಅತಿಥಿ ಇವರನ್ನು ದೇವರೆಂದು ಕಾಣಬೇಕೆಂಬ ಆಜ್ಞೆಯೂ ಅಲ್ಲಿಯದೇ. ಕೊನೆಗೆ, ಕರ್ಮದಲ್ಲಿಯಾಗಲಿ ನಡತೆಯಲ್ಲಿಯಾಗಲಿ ಸಂಶಯ ಬಂದರೆ ಯಾರನ್ನು ನೋಡಿ ನಡೆಯಬೇಕೆಂಬುದನ್ನೂ ಗುರು ಹೇಳುತ್ತಾನೆ. ವಿಚಾರಶೀಲರಾದ, ಧರ್ಮದಲ್ಲಿ ಆಸಕ್ತರಾದ ಹಿರಿಯರನ್ನು ನೋಡಿ ನಡೆ ಎನ್ನುವಾಗ, ಆ ಹಿರಿಯರಿಗೆ ಇನ್ನೊಂದು ಲಕ್ಷಣವನ್ನು ಸೇರಿಸುತ್ತಾನೆ: ಅವರು ರೂಕ್ಷರಾಗಿರಬಾರದು, ಕಠೋರರಾಗಿರಬಾರದು. ಸಂಶಯವನ್ನು ಬಗೆಹರಿಸುವ ಅಧಿಕಾರಕ್ಕೆ ಪಾಂಡಿತ್ಯದಷ್ಟೇ ಮಾರ್ದವವೂ ಬೇಕೆಂದು ಉಪನಿಷತ್ತು ಬಲ್ಲುದು. ಯಾಕೆಂದರೆ ಕಠೋರನಾದವನ ಮುಂದೆ ಯಾರೂ ಸಂಶಯವನ್ನು ಹೇಳುವುದೇ ಇಲ್ಲ. ಅಮ್ಮಾ, ಈ ಸಲ ಮಾಡಲಾಗಲಿಲ್ಲ ಎಂದು ಮಗು ಹೇಳಿದಾಗ, ಆಗಲಿ, ಮುಂದಿನ ಸಲ ಹೇಗೆ ಮಾಡೋಣ ಎಂದು ಕೇಳುವ ತಾಯಿಯ ಬಳಿ ಸತ್ಯವೂ ಉಳಿಯುತ್ತದೆ, ಕಾಲಕ್ರಮದಲ್ಲಿ ಆಚಾರವೂ ಉಳಿಯುತ್ತದೆ. ಶ್ರೀಹರಿಯ ಸ್ಮರಣೆಯೇ ಮುಖ್ಯ, ಉಳಿದ ವಿಧಿನಿಷೇಧಗಳೆಲ್ಲ ಅದರ ಸೇವಕರೆಂದು ನಮ್ಮ ಸಂಪ್ರದಾಯವೇ ಹೇಳುವಾಗ, ಸೇವಕರ ಭಯದಿಂದ ಮಗುವು ಒಡೆಯನನ್ನೇ ಬಿಟ್ಟು ಓಡುವಂತೆ ಮಾಡಬಾರದು.

ಇನ್ನು ಈ ವ್ಯವಹಾರದ ಮತ್ತೊಂದು ಪಾರ್ಶ್ವ. ಪುಣೆಗೆ ಬರುವ ಪರದೇಶದ ಮಕ್ಕಳ ವಿಷಯ. ಫರ್ಗ್ಯುಸನ್ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಗಡಹಿಂಗ್ಲಜದ ಡಾ. ಶಾಂ. ಬ. ಮುಜುಮದಾರರು, ವಿದ್ಯಾರ್ಥಿನಿಲಯದ ಕಿಟಕಿಯ ಮೂಲಕ ಒಬ್ಬ ಹುಡುಗಿ ಒಳಗಿದ್ದ ವಿದ್ಯಾರ್ಥಿಗೆ ಊಟ ಕೊಡುತ್ತಿದ್ದುದನ್ನು ಕಂಡರು. ವಿಚಾರಿಸಿದಾಗ ಒಳಗೆ ಮಲಗಿದ್ದವನು ಕಾಮಾಲೆಯಿಂದ ನರಳುತ್ತಿದ್ದ ಮಾರಿಷಸ್ ದೇಶದ ವಿದ್ಯಾರ್ಥಿಯೆಂದು ತಿಳಿಯಿತು. ಪರದೇಶದಿಂದ ಬಂದ ಮಕ್ಕಳಿಗೆ ಇಲ್ಲಿ ತಮ್ಮವರೆಂಬುವರಿಲ್ಲ ಎಂಬ ಆ ಮರುಕದಿಂದಲೇ 1971ರಲ್ಲಿ ಸಿಂಬಯಾಸಿಸ್ ಸಂಸ್ಥೆ ಹುಟ್ಟಿತು. ದೊಡ್ಡ ವಿದ್ಯಾಲಯವಾಗಿ ಬೆಳೆದಿರುವ ಆ ಸಂಸ್ಥೆಯ ಮೂಲದಲ್ಲಿರುವುದು ಒಂದು ತಟ್ಟೆ ಊಟ.

ನಮ್ಮ ಮಗುವಿಗೆ ಬರ್ಲಿನ್ನಿನಲ್ಲಿ ಬೇರೆ ಪಾತ್ರೆ, ಬೇರೆ ಅಡಿಗೆ, ಬೇರೆ ಹೊತ್ತು ಬೇಕೆಂದು ಕೇಳುವ ನಾವು, ಬರ್ಲಿನ್ನಿನ ಮಗು ನಮ್ಮ ಮನೆಗೆ ಬಂದಾಗ ಏನು ಮಾಡುತ್ತೇವೆ? ಅಡಿಗೆಮನೆಯ ಹೊಸ್ತಿಲಲ್ಲಿ ಅವಳನ್ನು ತಡೆಯುತ್ತೇವೆ. ಅವಳು ಕುಳಿತೆದ್ದ ಜಾಗಕ್ಕೆ ಅವಳೆದುರಿಗೇ ನೀರು ಚಿಮುಕಿಸುತ್ತೇವೆ. ತಿಂಗಳ ಮೂರು ನಾಲ್ಕು ದಿನ ಹೆಣ್ಣುಮಕ್ಕಳು ದೂರವಿರುವ ಮನೆಗಳಲ್ಲಿ, ಆ ಮಗುವಿಗೂ ಅದೇ ಕಟ್ಟನ್ನು ವಿಧಿಸಬೇಕೆನ್ನುತ್ತೇವೆ. ಮೇಲೆ ಹೇಳಿದ ಸೂತ್ರವನ್ನು ಇಲ್ಲಿಗೂ ಹಚ್ಚಿ ನೋಡಬೇಕು. ಮಡಿ ನಮ್ಮದು, ಅದರ ಶ್ರಮವೂ ನಮ್ಮದೇ. ಮಡಿ ಕೆಟ್ಟರೆ ಮತ್ತೊಮ್ಮೆ ಸ್ನಾನ ಮಾಡುವವರು ನಾವು. ಅದಕ್ಕಾಗಿ ಅತಿಥಿಯ ಮುಖ ಬಾಡಬೇಕಾಗಿಲ್ಲ. ದೇವರಮನೆಗೂ ನೈವೇದ್ಯದ ಅಡಿಗೆಗೂ ನಮ್ಮ ಗಡಿಯನ್ನು ಇಟ್ಟುಕೊಂಡು, ಅವಳಿಗೆ ಚಹಾ ಕಾಯಿಸಿಕೊಳ್ಳಲು ಬೇರೊಂದು ಒಲೆಯನ್ನು ಕೊಡಬಹುದು. ಅವಳು ಮಾಡದ ವ್ರತವನ್ನು ಅವಳ ಮೇಲೆ ಹೇರದಿರಬಹುದು. ಇದು ಏಕೆ ಎಂದು ಅವಳು ಕೇಳಿದಾಗ, ನಮ್ಮಲ್ಲಿ ಹಾಗೇ ಎಂದು ಬಾಯಿ ಮುಚ್ಚಿಸುವ ಬದಲು ಬಲ್ಲಷ್ಟನ್ನು ಹೇಳಬಹುದು. ಗೊತ್ತಿಲ್ಲದ್ದನ್ನು ಮಠದ ವಿದ್ವಾಂಸರನ್ನು ಕೇಳಿ ತಿಳಿಸಬಹುದು. ಅಲ್ಲಿ ನಮ್ಮ ಮಗುವಿಗೂ ಪ್ರತಿದಿನ ಇದೇ ಪ್ರಶ್ನೆ ಎದುರಾಗುತ್ತಿರುತ್ತದೆ. ಗೋಪೀಚಂದನ ಏಕೆ, ಜನಿವಾರ ಏಕೆ, ಇಂದು ಊಟ ಏಕಿಲ್ಲ? ಊರಿನಲ್ಲಿದ್ದಾಗ ಯಾರೂ ಕೇಳದಿದ್ದ ಪ್ರಶ್ನೆಗಳಿವು. ಎಷ್ಟೋ ಮಕ್ಕಳು ತಮ್ಮ ಆಚಾರದ ಅರ್ಥವನ್ನು ಮೊದಲ ಬಾರಿಗೆ ಹುಡುಕುವುದು ಪರಕೀಯರ ಮನೆಯಲ್ಲಿಯೇ. ಅದು ಆ ಮನೆಯು ಕೊಡುವ ಋಣ.

ಪುಣೆಯಲ್ಲಿರುವ ನಮಗೆ ಈ ಪಾಠ ಅಪರಿಚಿತವಾಗಬಾರದು. ಧಾರವಾಡ, ವಿಜಯಪುರ, ರಾಯಚೂರು, ಉಡುಪಿಗಳಿಂದ ಹೊಟ್ಟೆಪಾಡಿಗೋ ಓದಿಗೋ ನಮ್ಮ ಹಿರಿಯರು ಈ ಊರಿಗೆ ಬಂದಾಗ ಅವರೂ ಪರರ ಅಂಗಳದ ಅತಿಥಿಗಳೇ ಆಗಿದ್ದರು. ಬೀದಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಭಾದ್ರಪದದಲ್ಲಿ ನೆರೆಯವರ ಗಣಪತಿಯ ಆರತಿ, ಚಾತುರ್ಮಾಸ್ಯದಲ್ಲಿ ನಮ್ಮ ಶಾಕವ್ರತ, ದಧಿವ್ರತ. ನೆರೆಯವರು ನಮ್ಮ ವ್ರತಗಳ ಬಗ್ಗೆ ಕೇಳಿದರು, ಕೆಲವೊಮ್ಮೆ ನಕ್ಕರು, ಕೊನೆಗೆ ನಮ್ಮ ಪಾರಣೆಯ ಹೊತ್ತನ್ನು ತಾವೂ ನೆನಪಿಟ್ಟುಕೊಂಡರು. ಅವರಿಂದ ಪಡೆದ ಈ ಔದಾರ್ಯವನ್ನು ನಾವು ಅವರಿಗೇ ಹಿಂತಿರುಗಿಸಲು ಸಾಧ್ಯವಾಗದಿರಬಹುದು. ನಮ್ಮ ಬಾಗಿಲಿಗೆ ಬಂದ ಬೇರೆ ಮಗುವಿಗೆ ಸಲ್ಲಿಸಬಹುದು.

ಆದುದರಿಂದ ಮಗುವನ್ನು ಕಳುಹಿಸುವ ಗೃಹಸ್ಥರು ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಚಟ್ನಿಪುಡಿಗಳ ಜೊತೆಗೆ ಮೂರು ಸಂಗತಿಗಳನ್ನು ಕಟ್ಟಿಕೊಡಲಿ: ಅಡಿಗೆಯ ಅಭ್ಯಾಸ, ಅಲ್ಲಿಯ ಸೂರ್ಯೋದಯಕ್ಕೆ ಗಣಿಸಿದ ಪಂಚಾಂಗ, ತಪ್ಪಿದಾಗಲೂ ಮನೆಗೆ ನಿಜ ಹೇಳಬಹುದೆಂಬ ಧೈರ್ಯ. ಪರರ ಮಗುವನ್ನು ಬರಮಾಡಿಕೊಳ್ಳುವ ಗೃಹಸ್ಥರು ಬಾಗಿಲು ತೆರೆಯುವ ಮುನ್ನ ಒಂದು ಕ್ಷಣ ತಮ್ಮ ಮಗುವನ್ನು ದೂರದ ಬಾಗಿಲೊಂದರ ಮುಂದೆ ನಿಲ್ಲಿಸಿ ನೋಡಲಿ. ಅಲ್ಲಿ ಆ ತಾಯಿ ಹೇಗೆ ಬರಮಾಡಿಕೊಳ್ಳಲೆಂದು ಬಯಸುತ್ತೇವೆಯೋ ಹಾಗೆಯೇ ಇಲ್ಲಿ ನಾವು ಬರಮಾಡಿಕೊಳ್ಳೋಣ. ಎರಡೂ ಮನೆಗಳಲ್ಲಿ ಅಂತರ್ಯಾಮಿಯಾಗಿರುವ ಸ್ವಾಮಿ ಒಬ್ಬನೇ ಆಗಿದ್ದಾನೆ.

ಶ್ರೀಕೃಷ್ಣಾರ್ಪಣಮಸ್ತು.